ಥಾರ್ನ್ಲಿಯ ಹಳೆಯ ಮಾಲ್‌ನಲ್ಲಿ ಒಂದು ಮಧ್ಯಾಹ್ನ

ಸಿಂಗಪುರದಲ್ಲಿ ವಿಮಾನ ಬದಲಿಸಿ ಪರ್ತ್‌ನಲ್ಲಿ ಇಳಿದಾಗ ಬೆಳಗಾಗಿತ್ತು. ಅಣ್ಣನ ಮಗಳು ಸುಧಾ ಕಾರು ತಂದಿದ್ದಳು. ಅವಳು ಅಲ್ಲಿನ ಆಸ್ಪತ್ರೆಯೊಂದರಲ್ಲಿ ವೈದ್ಯೆ. ಮನೆ ಥಾರ್ನ್ಲಿ ಎಂಬ ಬಡಾವಣೆಯಲ್ಲಿ. ದಾರಿಯುದ್ದಕ್ಕೂ ಒಣ ಬಿಸಿಲು, ಅಗಲವಾದ ರಸ್ತೆ, ನಡೆಯುವವರು ಒಬ್ಬರೂ ಇಲ್ಲ.

ನಾನು ದಾವಣಗೆರೆಯಲ್ಲಿ ಬಟ್ಟೆ ಅಂಗಡಿ ಇಟ್ಟವನು. ನಾನು ಹೊರಡುವ ಕೆಲವು ತಿಂಗಳ ಹಿಂದೆ ಮಗಳು ಕಾವ್ಯಾ ನಮ್ಮ ಗಲ್ಲಾಪೆಟ್ಟಿಗೆ ಬಿಟ್ಟು, ಊರ ಹೊರಗಿನ ಹೊಸ ಮಾಲ್‌ನ ಬಟ್ಟೆ ಮಳಿಗೆಗೆ ಸೇರಿದ್ದಳು. ಅಂದಿನಿಂದ ನಮ್ಮಿಬ್ಬರ ನಡುವೆ ಮಾತಿರಲಿಲ್ಲ.

ಮೂರನೆಯ ದಿನ ಸುಧಾ, "ಚಿಕ್ಕಪ್ಪ, ಆರ್ವೋ ನಂಗೆ ಡ್ಯೂಟಿ ಇದೆ. ಪಕ್ಕದ್ಮನೆ ಜೋನ್ ಆಂಟಿ ಶಾಪಿಂಗ್‌ಗೆ ಹೋಗ್ತಿದಾರೆ, ಜೊತೆಗೆ ಹೋಗ್ಬನ್ನಿ" ಎಂದಳು. ಇಲ್ಲಿಯವರು ಮಧ್ಯಾಹ್ನವನ್ನು ಆರ್ವೋ ಎನ್ನುತ್ತಾರೆ. ಮಾಲ್ ಎಂದೊಡನೆ ನನಗೆ ಮನಸ್ಸಾಗಲಿಲ್ಲ, ಆದರೂ ಹೋದೆ.

ಎಂಬತ್ತು ದಾಟಿದ ಜೋನ್ ತಾವೇ ಕಾರು ಓಡಿಸಿದರು. ಮಾಲ್ ಒಂದೇ ಅಂತಸ್ತಿನದು, ತಗ್ಗು ಚಾವಣಿ, ಸುತ್ತ ಹೊಲದಷ್ಟು ಪಾರ್ಕಿಂಗ್. ಈ ಕಡೆಯ ಮೊದಮೊದಲ ಮಾಲ್‌ಗಳಲ್ಲಿ ಇದೂ ಒಂದಂತೆ. ಒಳಗೆ ಬೆಂಚಿನ ಮೇಲೆ ಕುಳಿತೆವು.

"ಇದು ತೆರೆದಾಗ ನಾವೆಲ್ಲ ತಣ್ಣನೆ ಗಾಳಿಗೇ ಬರ್ತಿದ್ವಿ" ಎಂದರು ಜೋನ್. ಅವರ ಇಂಗ್ಲಿಷ್ ನಿಧಾನವಾಗಿದ್ದುದರಿಂದ ನನಗೆ ಅರ್ಥವಾಗುತ್ತಿತ್ತು. "ನಮ್ಮಪ್ಪನಿಗೆ ದೊಡ್ಡ ರಸ್ತೇಲಿ ತರಕಾರಿ ಅಂಗಡಿ ಇತ್ತು. ನಾನು ಇಲ್ಲಿ ತರಕಾರಿ ಕೌಂಟರ್‌ಗೆ ಸೇರ್ಕೊಂಡೆ. ಅಪ್ಪ ಮಾತು ಬಿಟ್ಟರು."

ಸುಧಾ ಇವರಿಗೇನಾದರೂ ಹೇಳಿದ್ದಾಳೆಯೇ ಎಂದು ನನಗೆ ಅನುಮಾನವಾಯಿತು. "ಆಮೇಲೆ?" ಎಂದೆ.

"ಒಂದು ಶನಿವಾರ ತಲೆ ಎತ್ತಿ ನೋಡಿದ್ರೆ ಸಾಲಲ್ಲಿ ಅಪ್ಪ! ಈರುಳ್ಳಿ ಕೊಡು ಅಂದರು. ಅಂಗಡಿ ತುಂಬ ಈರುಳ್ಳಿ ಇಟ್ಕೊಂಡವರು!" ಜೋನ್ ನಕ್ಕರು. "ತೂಗಿ ಕೊಟ್ಟೆ. ಸರಿಯಾಗಿ ತೂಗ್ತೀಯ ಅಂತ ಹೇಳಿ ಹೋದರು."

"ಅಂಗಡಿ?"

"ಮುಚ್ಚಿತು. ಮುಚ್ಚೋದೇ ಇತ್ತು. ಆದ್ರೆ ಅಷ್ಟರಲ್ಲಿ ನಾವಿಬ್ಬರೂ ಸರಿಹೋಗಿದ್ವಿ."

ಅವರು ಸಾಮಾನು ಕೊಳ್ಳಲು ಎದ್ದುಹೋದರು. ನಾನು ಫೋನ್ ತೆಗೆದು ಕಾವ್ಯಾಗೆ ಕರೆ ಮಾಡಿದೆ.

"ಅಪ್ಪ?" ಅವಳ ದನಿಯ ಹಿಂದೆ ಜನರ ಗದ್ದಲ. "ಅಲ್ಲಿ ಎಲ್ಲ ಆರಾಮಾ?"

"ಆರಾಮ ಅದೀನಿ. ಸುಮ್ನೆ ಮಾಡ್ದೆ."

"ಅಪ್ಪ, ಎದುರಿಗೆ ಗಿರಾಕಿ ಅದಾರೆ. ಆಮೇಲೆ ನಾನೇ ಮಾಡ್ತೀನಿ" ಎಂದು ಇಟ್ಟುಬಿಟ್ಟಳು.

ನನಗೆ ಬೇಸರವಾಗಲಿಲ್ಲ. ಗಿರಾಕಿ ಎದುರಿಗಿದ್ದಾಗ ನಾನು ಯಾರ ಫೋನನ್ನೂ ಎತ್ತಿದವನಲ್ಲ. ಅವಳು ನನ್ನದನ್ನು ಎತ್ತಿದ್ದಳು.

ಜೋನ್ ಚೀಲ ತುಂಬಿಸಿಕೊಂಡು ಬಂದು, "ಹೊರಡೋಣವೇ?" ಎಂದರು.

"ಇನ್ನೂ ಸ್ವಲ್ಪ ಕೂರೋಣ" ಎಂದು ಪಕ್ಕಕ್ಕೆ ಸರಿದು ಜಾಗ ಮಾಡಿಕೊಟ್ಟೆ. "ಮಗಳ ಫೋನ್ ಬರೋದಿದೆ."