ಸಾಬಣ್ಣ ಸಾರಿದ ಸುಳ್ಳು

ಊರಿನಲ್ಲಿ ಯಾರಾದರೂ ಸತ್ತರೆ ಮಣ್ಣು ಮಾಡುವುದು ಎಷ್ಟು ಹೊತ್ತಿಗೆ ಎಂಬುದನ್ನು ವಾಲೀಕಾರ ಸಾಬಣ್ಣನೇ ಸಾರಬೇಕು. ಬೀಳಗಿ ತಾಲೂಕಿನ ಆ ಹೊಳೆದಂಡೆಯ ಹಳ್ಳಿಯಲ್ಲಿ ಅವನ ಹಲಗೆಯ ಸದ್ದಿಗೆ ಒಲೆ ಮುಂದಿನ ಹೆಂಗಸರೂ ಎದ್ದು ಬಾಗಿಲಿಗೆ ಬರುತ್ತಿದ್ದರು. ಇಪ್ಪತ್ತು ವರ್ಷದಲ್ಲಿ ಅವನು ಸಾರಿದ ಒಂದು ಮಾತೂ ಹುಸಿ ಹೋಗಿರಲಿಲ್ಲ. ಖರೆಯೋ ಸುಳ್ಳೋ ಎಂದು ಅವನು ಕೇಳಿದವನೂ ಅಲ್ಲ. ಹೇಳಿಕೊಟ್ಟದ್ದನ್ನು ಕೂಗುವುದು ಅವನ ಕೆಲಸ.

೧೯೯೯ರಲ್ಲಿ ಊರು ಆಲಮಟ್ಟಿ ಹಿನ್ನೀರಿಗೆ ಹೋಗುವುದು ಖಾತ್ರಿಯಾಗಿತ್ತು. ಪರಿಹಾರದ ಅಳತೆಗೆ ಬಂದವರು ಕೆಳಗೇರಿಯ ಕಲ್ಲುಗೋಡೆಯ ಮನೆಗಳನ್ನು ಗುಡಿಸಲು ಎಂದು ಬರೆದು ಹೋಗಿದ್ದರು. ಶಿವಗಂಗವ್ವ ಎಂಬ ವಿಧವೆ ಮನೆಮನೆ ತಿರುಗಿ, ಬೀಳಗಿಯ ವಿಚಾರಣೆಗೆ ಹೋಗಿ ಮರುಅಳತೆ ಕೇಳೋಣ ಎಂದು ನಲವತ್ತು ಜನರ ಸಹಿ ಹಾಕಿಸಿದ್ದಳು. ಮರುಅಳತೆಯಾದರೆ, ಪಂಚಾಯ್ತಿ ಮೆಂಬರ್ ಮುತ್ತಣ್ಣ ತನ್ನ ದನದ ಕೊಟ್ಟಿಗೆಯನ್ನು ಮನೆ ಎಂದು ಬರೆಸಿಕೊಂಡದ್ದು ಬಯಲಾಗುತ್ತಿತ್ತು.

ವಿಚಾರಣೆಯ ಹಿಂದಿನ ದಿನ ಮುತ್ತಣ್ಣ ಸಾಬಣ್ಣನನ್ನು ಕರೆಸಿ, ಪುನರ್ವಸತಿ ಕಚೇರಿಯ ಹುಕುಂ ಬಂದಿದೆ ಎಂದ. ತಕರಾರು ಹೇಳಿದವರಿಗೆ ಹೊಸ ಊರಿನಲ್ಲಿ ಜಾಗ ಇಲ್ಲ; ಶಿವಗಂಗವ್ವ ಮಾತ್ರ ಆ ಕಚೇರಿಗೆ ಹೋಗಿ ತನ್ನ ಹೆಸರಿಗೆ ಎರಡು ಪ್ಲಾಟು ಬರೆಸಿಕೊಂಡಿದ್ದಾಳೆ. ಇಷ್ಟು ಸಾರಬೇಕು. ಮೊದಲನೆಯದು ಖರೆಯೋ ಏನೋ ಸಾಬಣ್ಣನಿಗೆ ತಿಳಿಯದು. ಎರಡನೆಯದು ಸುಳ್ಳೆಂದು ಗೊತ್ತಿತ್ತು. ಆ ಕಚೇರಿ ಬೀಳಗಿಯಲ್ಲಿ ಎಲ್ಲಿದೆ ಎಂದು ಅವಳು ಅಂದು ಬೆಳಿಗ್ಗೆಯಷ್ಟೇ ಅವನನ್ನು ಕೇಳಿದ್ದಳು. ಆದರೂ ಹಲಗೆ ಬಡಿದ. ಗಂಟಲು ತಡವರಿಸಲೂ ಇಲ್ಲ.

ಮರುದಿನ ಕೆಳಗೇರಿಯಿಂದ ಬಸ್ಸು ಹತ್ತಿದ್ದು ಶಿವಗಂಗವ್ವ ಒಬ್ಬಳೇ. ಪಂಚಾಯ್ತಿ ಕಾಗದಗಳನ್ನು ಹೊತ್ತು ಸಾಬಣ್ಣನೂ ಅದೇ ಬಸ್ಸಿನಲ್ಲಿದ್ದ. ಸಹಿ ಹಾಕಿದವರು ಎಲ್ಲಿ ಎಂದು ವಿಚಾರಣೆಯ ಸಾಹೇಬರು ಕೇಳಿದರು. ಸುಳ್ಳು ಸಾರಿ ಹೆದರಿಸಿದ್ದಾರೆ ಎಂದಳು. ಸಾಕ್ಷಿ ಯಾರು ಎಂದರು. ಅವಳು ಬಾಗಿಲತ್ತ ತಿರುಗಿದಳು.

“ಸಾಬಣ್ಣ, ನಿನ್ನಿ ನಿನಗ ಹಂಗ ಸಾರು ಅಂದಾವರು ಯಾರು? ಹೇಳಪಾ.”

ಮುತ್ತಣ್ಣ ಗೋಡೆಗೊರಗಿ ನಿಂತಿದ್ದ. ಊರಿಗೆಲ್ಲ ಕೇಳುವಂತೆ ಕೂಗುವ ಮನುಷ್ಯ ಆ ಸಣ್ಣ ಕೋಣೆಯಲ್ಲಿ ತುಟಿ ಬಿಚ್ಚಲಿಲ್ಲ. ಕೆಲಸ ಹೋದೀತೆಂಬ ಅಂಜಿಕೆ, ಮತ್ತೇನಲ್ಲ. ಒಬ್ಬಳ ಮಾತಿಗೆ ಮರುಅಳತೆ ಆಗದು ಎಂದು ಬರೆದು ಸಾಹೇಬರು ಕಡತ ಮುಚ್ಚಿದರು.

ಕೆಳಗೇರಿ ಗುಡಿಸಲುಗಳ ಲೆಕ್ಕದಲ್ಲೇ ಮುಳುಗಿತು. ಹೊಸ ಊರಿಗೆ ಬಂದ ಮೇಲೆ ನಳದ ಪಾಳಿಯಲ್ಲಿ ಶಿವಗಂಗವ್ವನನ್ನು ಯಾರೂ ಮಾತಾಡಿಸುತ್ತಿರಲಿಲ್ಲ. ಗ್ರಾಮಸಭೆಯಲ್ಲಿ ಎದ್ದು ನಿಂತರೆ ಎರಡು ಪ್ಲಾಟಿನಾಕಿ ಎಂದು ನಗುತ್ತಿದ್ದರು. ಬರಬರುತ್ತ ಅವಳು ಏಳುವುದನ್ನೇ ಬಿಟ್ಟಳು. ಸಾಬಣ್ಣ ಇದನ್ನು ಮೂರು ವರ್ಷ ನೋಡಿದ. ಅವಳು ಎದುರಾದರೆ ಓಣಿ ಬದಲಿಸುತ್ತಿದ್ದ.

ಕಡೆಗೊಂದು ಮುಂಜಾನೆ ಹಲಗೆ ಹಿಡಿದುಕೊಂಡೇ ಅವಳ ಬಾಗಿಲಿಗೆ ಹೋಗಿ ತಪ್ಪಾಯಿತು ಎಂದ. ಜೋಳ ಹಸನು ಮಾಡುತ್ತಿದ್ದವಳು ತಲೆ ಎತ್ತಲಿಲ್ಲ.

“ನನ್ನ ಮುಂದ ಯಾಕ ಹೇಳತಿ? ಅದು ಸುಳ್ಳಂತ ನನಗ ಆವತ್ತ ಗೊತ್ತಿತ್ತು. ಯಾರಿಗೆ ಸಾರಿದಿ, ಅವರಿಗೆ ಹೇಳ ಹೋಗು.”

ಹೋದ. ಮೊದಲ ಓಣಿಯಲ್ಲಿ ನಿಂತು, ಶಿವಗಂಗವ್ವ ಏನೂ ಬರೆಸಿಕೊಂಡಿರಲಿಲ್ಲ, ಸಾರಿಸಿದವನು ಮುತ್ತಣ್ಣ, ಗೊತ್ತಿದ್ದೂ ಸುಳ್ಳು ಸಾರಿದವನು ತಾನು ಎಂದು ಕೂಗಿದ. ಕಟ್ಟೆಯ ಮೇಲೆ ಕೂತಿದ್ದ ಗಿರಿಮಲ್ಲಪ್ಪ, ಕೆಳಗೇರಿಯವನೇ, ಬಾಯಿಂದ ಬೀಡಿ ತೆಗೆದ.

“ಹಿಂಗ ಸಾರು ಅಂತ ಆಕಿನ ಕಳಸ್ಯಾಳೇನಲೇ?”

ಸುತ್ತಲಿದ್ದವರು ನಕ್ಕರು. ಕಳಿಸಿದ್ದು ಅವಳೇ. ಹೌದೆಂದರೆ ಅವಳ ಹೆಸರು ಇನ್ನಷ್ಟು ಕೆಡುತ್ತಿತ್ತು, ಅಲ್ಲವೆಂದರೆ ಇನ್ನೊಂದು ಸುಳ್ಳಾಗುತ್ತಿತ್ತು. ಸಾಬಣ್ಣ ಮುಖ ಕೆಳಗೆ ಹಾಕಿ ಎರಡನೆಯ ಓಣಿಗೆ ನಡೆದ.