ಗರಗರ ಇಲ್ಲದ ವೈರ್‌ಲೆಸ್

ನಾನು ಆಂಬುಲೆನ್ಸಿನಲ್ಲಿ ನರ್ಸು. ತುರ್ತು ಸೇವೆಗಳಿಗೆ ದೇಶಕ್ಕೆಲ್ಲ ಒಂದೇ ವೈರ್‌ಲೆಸ್ ಜಾಲ ಮಾಡ್ತಾರಂತೆ, ಅದರ ಪರೀಕ್ಷೆಗೆ ಅಂತ ನಮ್ಮ ಗಾಡಿಗೂ ಹೊಸ ಡಿಜಿಟಲ್ ವೈರ್‌ಲೆಸ್ ಸೆಟ್ ಕೂರಿಸಿದ್ದರು. ಹಳೇ ಸೆಟ್ ಸದಾ ಗರಗರ ಅನ್ನುತ್ತಿತ್ತು. ಆ ಗರಗರದಲ್ಲೇ ಕಿರುಚಿ ಹೇಗೋ ವಿಷಯ ಮುಟ್ಟಿಸುತ್ತಿದ್ದೆವು. ಹೊಸದು ಮಾತಾಡಿದರೆ ಪಕ್ಕದಲ್ಲೇ ಕೂತು ಮಾತಾಡಿದ ಹಾಗೆ, ಇಲ್ಲದಿದ್ದರೆ ಪೂರ್ತಿ ಮೂಕ.

ಅರೇಹಳ್ಳಿ ಕಡೆಯಿಂದ ಎದೆನೋವು ಬಂದವರೊಬ್ಬರನ್ನು ಬೇಲೂರಿಗೆ ತರುತ್ತಿದ್ದೆವು. ಜೊತೆಗೆ ಅವರ ಹೆಂಡತಿ. ದಾರಿಯಲ್ಲಿ ಮೊಬೈಲಿಗೂ ಸಿಗ್ನಲ್ ಇಲ್ಲ. ಆಸ್ಪತ್ರೆಯವರು ಸಿದ್ಧವಾಗಿರಲಿ ಅಂತ ತಿಳಿಸಲು ಸೆಟ್ಟಿನ ಗುಂಡಿ ಒತ್ತಿದೆ. ಅದು ಉಸಿರೆತ್ತಲಿಲ್ಲ.

"ಅವ್ರಿಗೆ ಕೇಳುಸ್ತಾ ಐತಾ ಅಣ್ಣ? ಜಲ್ದಿ ರೆಡಿ ಮಾಡ್ಕಳಿ ಅನ್ನಿ" ಅಂದರು ಆಕೆ. ಮತ್ತೆ ಮತ್ತೆ ಒತ್ತಿದೆ. ಆಮೇಲೆ ನನ್ನ ಎರಡೂ ಕೈ ಅವರ ಗಂಡನ ಎದೆಯ ಮೇಲೆ ಬೇಕಾದವು. ಎಷ್ಟು ಒತ್ತಿದರೂ ಉಸಿರು ಮರಳಲಿಲ್ಲ.

ಬೇಲೂರು ಹತ್ತಿರವಾಗುತ್ತಲೇ ಸೆಟ್ಟಿಗೆ ಜೀವ ಬಂತು. "ಕಂಟ್ರೋಲ್ ರೂಮ್. ಹೇಳಿ, ಏನು ತುರ್ತು?" ನಾನು ಆಕೆಯ ಕಡೆ ನೋಡಿದೆ. ಆಕೆ ಸೆರಗಿನಿಂದ ಗಂಡನ ಮುಖ ಒರೆಸುತ್ತಿದ್ದರು.

"ಆತ್ರ ಏನಿಲ್ಲ ಅಂತ ಹೇಳ್ಬುಡಿ ಅಣ್ಣ" ಅಂದರು.

ಹಾಗೇ ಹೇಳಿದೆ. ಅದೊಂದನ್ನು ಮಾತ್ರ ಕಂಟ್ರೋಲ್ ರೂಮಿನವರು ಒಂದಕ್ಷರ ಬಿಡದೆ ಕೇಳಿಸಿಕೊಂಡರು.