ಗೆಡ್ಡೆಯಲ್ಲ, ಊತ

ತಿಲಕ್ ನಗರದ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಇಪ್ಪತ್ತು ವರ್ಷದಿಂದ ಬ್ಲೌಸ್ ಹೊಲಿಯುತ್ತಿದ್ದೇನೆ. ನನ್ನ ಮೆದುಳಿನ ಎಡಭಾಗದಲ್ಲಿ ಸಣ್ಣ ಗೆಡ್ಡೆ ಇದೆಯೆಂದು ಗೊತ್ತಾದಾಗ, ತಲೆ ಕೊಯ್ಯದೆ, ಗೆಡ್ಡೆಗಷ್ಟೇ ಗುರಿಯಿಟ್ಟು ಒಂದೇ ದಿನ ರೇಡಿಯೇಶನ್ ಕೊಟ್ಟರು. ಸಂಜೆಗೆ ಮನೆಗೆ ಬಂದು ಕಾಫಿ ಕುಡಿದೆ. ಸುತ್ತಲಿನ ಒಳ್ಳೆಯ ಭಾಗಕ್ಕೂ ಪೆಟ್ಟು ಬೀಳಬಹುದು, ಅದು ಎಷ್ಟೋ ತಿಂಗಳ ಮೇಲೆ ಗೊತ್ತಾಗಬಹುದು ಎಂದು ಡಾಕ್ಟರ್ ಮೊದಲೇ ಹೇಳಿದ್ದರು. ಗೆಡ್ಡೆ ಹೋದರೆ ಸಾಕೆಂಬ ಆತುರದಲ್ಲಿ ನಾನದನ್ನು ಕಿವಿಗೆ ಹಾಕಿಕೊಂಡಿರಲಿಲ್ಲ.

ಒಂಬತ್ತು ತಿಂಗಳು ಕಳೆದಿತ್ತು. ಗಿರಾಕಿಯೊಬ್ಬರ ರೇಷ್ಮೆ ಬಟ್ಟೆಗೆ ಕತ್ತರಿ ಹಾಕಿದ್ದೆ. ಬಲಗೈ ನನ್ನ ಮಾತು ಕೇಳಲಿಲ್ಲ. ಕತ್ತರಿ ಗೆರೆ ಬಿಟ್ಟು ಕುತ್ತಿಗೆಯ ಭಾಗಕ್ಕೆ ನುಗ್ಗಿತು. ಆಕೆ ದೊಡ್ಡ ಮನಸ್ಸಿನವರು, ಬಟ್ಟೆಯ ದುಡ್ಡು ಕೇಳಲಿಲ್ಲ. ವಾರದೊಳಗೆ ತುತ್ತು ಎತ್ತುವುದೂ ಕಷ್ಟವಾಯಿತು. ಎಂಆರ್‌ಐನಲ್ಲಿ ಗೆಡ್ಡೆಯಿದ್ದ ಜಾಗ ಮೊದಲಿಗಿಂತ ದೊಡ್ಡದಾಗಿ ಕಂಡಿತು. ನಮ್ಮ ಯಜಮಾನರು ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತುಬಿಟ್ಟರು.

ಡಾಕ್ಟರ್ ಅವಸರ ಮಾಡಲಿಲ್ಲ. ರಕ್ತದ ಹರಿವು ತೋರಿಸುವ ಇನ್ನೊಂದು ಸ್ಕ್ಯಾನ್ ಮಾಡಿಸಿ, ನಮ್ಮಿಬ್ಬರನ್ನೂ ಕೂರಿಸಿಕೊಂಡು ಹೇಳಿದರು: “ಗೆಡ್ಡೆ ಮತ್ತೆ ಬೆಳೆದ ಹಾಗೆ ಕಾಣ್ತಿಲ್ಲ ಅಮ್ಮ. ರೇಡಿಯೇಶನ್‌ಗೆ ಅಕ್ಕಪಕ್ಕದ ಭಾಗ ಸ್ವಲ್ಪ ಸತ್ತಿದೆ, ಅದ್ರ ಸುತ್ತ ಊತ ಬಂದಿದೆ. ಊತ ಇಳಿಸ್ಬೋದು.”

“ಕೈ ವಾಪಸ್ ಬರತ್ತಾ?” ಎಂದೆ.

“ಬರೋ ಸಾಧ್ಯತೆ ಚೆನ್ನಾಗಿದೆ. ಗ್ಯಾರಂಟಿ ಅಂತ ಹೇಳಲ್ಲ.”

ಊತ ಇಳಿಯಲೆಂದು ಕೊಟ್ಟ ಸ್ಟೀರಾಯ್ಡ್ ಮಾತ್ರೆಗೆ ಮುಖ ಪೂರಿಯಂತೆ ಉಬ್ಬಿತು. ಹೊತ್ತಲ್ಲದ ಹೊತ್ತಿನಲ್ಲಿ ಹಸಿವು, ಕಾರಣವಿಲ್ಲದ ಸಿಟ್ಟು. ಯಜಮಾನರು ಎಲ್ಲ ಸಹಿಸಿಕೊಂಡು ಅಡುಗೆ ಮಾಡಿ ಹಾಕಿದರು. ಮಾತ್ರೆ ಕಡಿಮೆ ಮಾಡಿದ ಕೂಡಲೇ ಕೈ ಮತ್ತೆ ಸೋತಿತು. ಆಗ ಮೂರು ವಾರಕ್ಕೊಮ್ಮೆ ಡ್ರಿಪ್‌ನಲ್ಲಿ ಅದೇ ಊತಕ್ಕೆ ಬೇರೊಂದು ಇಂಜೆಕ್ಷನ್ ಕೊಡಲು ಶುರು ಮಾಡಿದರು. ಮನೆಯಲ್ಲಿ ನಾನು ಕೈ ಪಳಗಲೆಂದು ಹಳೆಯ ಪೇಪರ್ ಕತ್ತರಿಸುತ್ತಾ ಕೂರುತ್ತಿದ್ದೆ. ಮೊದಮೊದಲು ಇಲಿ ಕಡಿದಂತಿರುತ್ತಿತ್ತು. ಮೂರನೆಯ ಡ್ರಿಪ್ ಆದ ಮೇಲೆ ಒಂದು ಬೆಳಿಗ್ಗೆ ಬ್ಲೌಸ್ ತೋಳಿನ ಆಕಾರ ಎಲ್ಲೂ ತಡೆಯದೆ ಒಂದೇ ಸಲಕ್ಕೆ ಬಂತು. ಯಜಮಾನರನ್ನು ಕೂಗಿ ತೋರಿಸಿದೆ. ಅವರು ಆ ಪೇಪರ್ ತೋಳನ್ನು ತಮ್ಮ ಭುಜದ ಮೇಲಿಟ್ಟುಕೊಂಡು ನಕ್ಕರು. ನನಗೆ ಅಳು ಬಂತು.

ಮುಂದಿನ ಸ್ಕ್ಯಾನ್‌ನಲ್ಲಿ ಊತ ಬಹುಪಾಲು ಇಳಿದಿತ್ತು, ಗೆಡ್ಡೆಯೂ ಕುಗ್ಗಿತ್ತು. ಗೌರಿ ಹಬ್ಬದ ಹೊತ್ತಿಗೆ ಜಯನಗರ ಫೋರ್ತ್ ಬ್ಲಾಕಿಗೆ ನಾನೊಬ್ಬಳೇ ಹೋಗಿ ಲೈನಿಂಗ್ ಬಟ್ಟೆ ತಂದೆ. ಆ ವಾರ ಹನ್ನೊಂದು ಬ್ಲೌಸ್ ಕತ್ತರಿಸಿ ಹೊಲಿದೆ. ಕಿರುಬೆರಳು ಈಗಲೂ ಒಮ್ಮೊಮ್ಮೆ ಜೋಮು ಹಿಡಿಯುತ್ತದೆ, ಸ್ಕ್ಯಾನ್‌ಗೆ ಹೋಗುತ್ತಲೇ ಇರಬೇಕು. ಇರಲಿ. ಆ ಹನ್ನೊಂದರಲ್ಲಿ ಒಂದನ್ನೂ ಬಿಚ್ಚಿ ಹೊಲಿಯಬೇಕಾಗಲಿಲ್ಲ.